ಕಂಬಿ ಬಾರಿಸುವವಳು

ಫೆಬ್ರವರಿ 3, ಸೋಮವಾರ

ಇವತ್ತೂ ಇವರು ಟೀ ಅರ್ಧಕ್ಕೆ ಬಿಟ್ಟು ಮೇಲೆ ಹತ್ತಿದರು. ಹತ್ತುವ ಮೊದಲು ಮಂಡಿ ಹಿಡಿದುಕೊಂಡು ಸ್ವಲ್ಪ ನಿಂತರು. ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ. ಕೇಳಿದರೆ "ಮಂಡಿಗೇನಾಗಿದೆ, ಮೊದಲು ನಿನ್ನ ಬಾಯಿಗೆ ಔಷಧಿ ನೋಡು" ಅನ್ನುತ್ತಾರೆ. ಈ ವಯಸ್ಸಿಗೆ ಚಿಮಣಿ ಹತ್ತುವವರು ಬೇರೆ ಯಾರಿದ್ದಾರೆ? ಯಾರೂ ಇಲ್ಲ. ಅದಕ್ಕೇ ಇವರಿಗೆ ಜಂಬ.

ವಾರವಾದರೂ ಚಿಮಣಿ ಕುಗ್ಗಿದ ಹಾಗೇ ಕಾಣುತ್ತಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆ ಕಟ್ಟಿದವನು ಯಾವತ್ತೂ ಚಿಮಣಿ ಕೆಡವಿರಲಿಕ್ಕಿಲ್ಲ. ಫ್ಯಾಕ್ಟರಿಯ ಮಿಕ್ಕಿದ್ದೆಲ್ಲ — ಶೆಡ್ಡು, ಆಫೀಸು, ಗೋಡೌನು — ಜೆಸಿಬಿ ತಿಂದು ತೇಗಿ ಹೋಯಿತು. ಚಿಮಣಿಗೆ ಮಾತ್ರ ಮಶೀನು ಮುಟ್ಟಿಸುವ ಹಾಗಿಲ್ಲ. ಈ ಕಡೆ ಮನೆಗಳ ಸಾಲು, ಆ ಕಡೆ ಹೆರಿಗೆ ಆಸ್ಪತ್ರೆ. ಎತ್ತ ಬೀಳಿಸಿದರೂ ಯಾರದೋ ತಲೆ ಮೇಲೆ. ಹಾಗಾಗಿ ತುದಿಯಿಂದ ಒಂದೊಂದೇ ಇಟ್ಟಿಗೆ ಬಿಡಿಸಿ, ಕೈಯಲ್ಲೇ ಇಳಿಸಬೇಕು.

ಬೇರೆಯವರು ಬೇಡ ಅಂದ ಕೆಲಸಕ್ಕೇ ನಮ್ಮ ನೆನಪಾಗುವುದು. ಬ್ಯಾಂಕಿನ ಲಾಕರ್ ರೂಮು ಒಡೆದೆವು. ಈಜುಕೊಳ ಒಡೆದೆವು. ಟಾಕೀಸು ಒಡೆದಾಗ ಸಿಕ್ಕ ಕುರ್ಚಿಗಳು ಈಗ ಊರಿನ ಕ್ಷೌರದಂಗಡಿಗಳಲ್ಲಿವೆ. ಲಾಕರ್ ರೂಮಿನ ಬಾಗಿಲು ಕೊಂಡವನು ಅದನ್ನು ಬಚ್ಚಲಿಗೆ ಹಾಕಿಸಿದನಂತೆ. ಅಲ್ಲಿ ಕದಿಯುವಂಥದ್ದು ಏನಿಟ್ಟಿದ್ದಾನೋ!

ಫೆಬ್ರವರಿ 5, ಬುಧವಾರ

ಫ್ಯಾಕ್ಟರಿ ಮ್ಯಾನೇಜರ್ ಬಂದಿದ್ದ. ಕೈ ಹಿಂದೆ ಕಟ್ಟಿಕೊಂಡು, ಕತ್ತು ಮೇಲೆ ಮಾಡಿ, "ಏನಮ್ಮಾ, ಇಷ್ಟು ನಿಧಾನ? ಎಲ್ಲಾ ಒಳಗೆ ಉದುರಿಸಿಬಿಟ್ಟು ಕೊನೇಲಿ ಒಂದೇ ಸಲ ಬಾಚಬಾರದಾ?" ಅಂದ.

ಹೇಳಿದೆ. ಮೂರು ಸಲ ಹೇಳಿದೆ, ತಲೆಗೆ ಹೋಯಿತೋ ಇಲ್ಲವೋ. ಚಿಮಣಿ ಅಂದರೆ ಬಾವಿ ಇದ್ದ ಹಾಗೆ, ಮೇಲಕ್ಕೆ ಕಟ್ಟಿದ ಬಾವಿ. ತುದಿಯಲ್ಲಿ ಕೂತವನು ಇಟ್ಟಿಗೆ ಬಿಡಿಸಿ ಒಳಕ್ಕೆ ಬಿಡುತ್ತಾನೆ. ಬುಡದಲ್ಲಿ ಹಳೇ ಟೈರು, ಮರಳು ಚೀಲ ಹಾಸಿದ್ದೇವೆ. ಹಾಸಿಗೆ ಅನ್ನುತ್ತೇವೆ ಅದಕ್ಕೆ. ಇಟ್ಟಿಗೆ ಹಾಸಿಗೆ ಮೇಲೆ ಬಿದ್ದರೆ ಇಡಿಯಾಗಿ ಉಳಿಯುತ್ತದೆ. ಇಟ್ಟಿಗೆ ಮೇಲೆ ಇಟ್ಟಿಗೆ ಬಿದ್ದರೆ ಎರಡೂ ಚೂರು. ನಮ್ಮ ಹೊಟ್ಟೆಪಾಡು ಇಡೀ ಇಟ್ಟಿಗೆಯಲ್ಲಿರುವುದು, ಚೂರಿನಲ್ಲಲ್ಲ. ಅದಕ್ಕೇ ಹಾಸಿಗೆ ತುಂಬಿದಾಗಲೆಲ್ಲ ಒಬ್ಬ ಬುಡದ ಕಿಂಡಿಯಿಂದ ಬಗ್ಗಿ ಒಳಗೆ ಹೋಗಿ, ತಳ್ಳುಗಾಡಿಗೆ ತುಂಬಿಕೊಂಡು ಹೊರಗೆ ಬರಬೇಕು. ಆ ಒಬ್ಬ ನನ್ನ ತಮ್ಮ. ಮೇಲಿರುವವರು ಇವರು. ನಡುವೆ ನಾನು.

"ನೀವೇನು ಮಾಡ್ತೀರಿ?" ಅಂದ ಮ್ಯಾನೇಜರ್.

"ಇಬ್ಬರೂ ಸಾಯದ ಹಾಗೆ ನೋಡ್ಕೋತೀನಿ" ಅಂದೆ. ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ.

ನನ್ನ ಹತ್ತಿರ ಎರಡು ಬಟ್ಟೆ — ಕೆಂಪು, ಹಸಿರು. ಒಂದು ರೈಲುಕಂಬಿಯ ತುಂಡು, ಮೂರು ಪೈಪು ನಿಲ್ಲಿಸಿ ತೂಗುಹಾಕಿದ್ದು. ಹಾಸಿಗೆ ತುಂಬಿತು ಅಂದರೆ ಕಂಬಿ ಬಾರಿಸಿ ಕೆಂಪು ಎತ್ತುತ್ತೇನೆ. ಮೇಲಿದ್ದವರು ಕೆಲಸ ನಿಲ್ಲಿಸಿ ಬಗ್ಗಿ ನೋಡಿ ಕೈ ಎತ್ತುತ್ತಾರೆ. ಆಮೇಲೆ ಒಳಗೆ ಹೋಗುವುದು. ಹೊರಗೆ ಬಂದ ಮೇಲೆ ಹಸಿರು. ಇಷ್ಟೇ ಕೆಲಸ. ನನಗಿಂತ ಹೆಚ್ಚು ಕೆಲಸ ಸುಣ್ಣದಜ್ಜಿಗೆ. ದಿನವಿಡೀ ಕೂತು ಇಟ್ಟಿಗೆಗೆ ಅಂಟಿದ ಹಳೇ ಗಾರೆ ಕೆರೆಯುತ್ತಾಳೆ, ಜೊತೆಗೆ ಊರವರನ್ನೂ ಕೆರೆಯುತ್ತಾಳೆ.

ಫೆಬ್ರವರಿ 8, ಶನಿವಾರ

ಸುಣ್ಣದಜ್ಜಿ ಇವತ್ತು ತಮ್ಮನ ಮೇಲೆ ಬಿದ್ದಳು. "ಏನೇ, ನಿನ್ನ ತಮ್ಮನಿಗೆ ಯಾವಾಗ ಬಂತು ಇಷ್ಟು ದೊಡ್ಡಸ್ತಿಕೆ? ನೀರು ಕೊಡೋ ಅಂತ ನಾಲ್ಕು ಸಲ ಕರೆದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಮುಖ ನೋಡಿದ್ರೆ ನಗ್ತಾನೆ, ಬೆನ್ನು ತಿರುಗಿದ್ರೆ ಕಲ್ಲು."

ಎಲ್ಲರೂ ನಕ್ಕರು. ಅವನೂ ನಕ್ಕ. ಎಲ್ಲರೂ ನಕ್ಕ ಮೇಲೆ ನಕ್ಕ.

ಎಷ್ಟು ದಿನದಿಂದ ಹೀಗೆ ಒಂದು ಗಳಿಗೆ ತಡವಾಗಿ ನಗುತ್ತಿದ್ದಾನೆ?

ಮಧ್ಯಾಹ್ನ ಊಟಕ್ಕೆ ಕೂತಿದ್ದ, ನನಗೆ ಬೆನ್ನು ಹಾಕಿ. ತಟ್ಟೆ ಎತ್ತಿ ಕಲ್ಲುಚಪ್ಪಡಿ ಮೇಲೆ ಬಿಟ್ಟೆ. ಸುಣ್ಣದಜ್ಜಿ "ಅಯ್ಯೋ ನಿನ್ನ!" ಅಂತ ಹಾರಿಬಿದ್ದಳು. ಇವನು ತುತ್ತು ಕಲಸುತ್ತಲೇ ಇದ್ದ. ಭುಜ ಕೂಡ ಅಲುಗಲಿಲ್ಲ.

ಫೆಬ್ರವರಿ 9, ಭಾನುವಾರ

ಇವತ್ತು ಕೆಲಸಕ್ಕೆ ರಜೆ. ಇವರು ಕ್ಷೌರಕ್ಕೆ ಹೋಗಿದ್ದರು. ತಮ್ಮನನ್ನು ಹಿತ್ತಲಿಗೆ ಕರೆದು ಎದುರಿಗೆ ಕೂರಿಸಿಕೊಂಡೆ. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದೆ. ಮುಖ ಬಿಳಿಚಿಕೊಂಡಿತು. ಕೈ ತೆಗೆದು ಕೇಳಿದೆ, "ಎಷ್ಟು ದಿನ ಆಯ್ತೋ?"

ಲಾಕರ್ ರೂಮಿನಿಂದ ಅಂತೆ. ಕಿಟಕಿ ಇಲ್ಲದ ಕಾಂಕ್ರೀಟ್ ಪೆಟ್ಟಿಗೆಯೊಳಗೆ ತಿಂಗಳುಗಟ್ಟಲೆ ಗೋಡೆ ಕುಟ್ಟುವ ಬ್ರೇಕರ್ ಮಶೀನು ಹಿಡಿದ. ಮೊದಲು ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ಆಮೇಲೆ ಜೀರುಂಡೆಯೂ ಇಲ್ಲ. ಈಗ ಎದುರಿಗಿದ್ದವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ತಾನೇ ಕಲಿತದ್ದು.

"ನನಗೂ ಹೇಳಲಿಲ್ಲವಲ್ಲೋ."

"ಭಾವನಿಗೆ ಹೇಳಬೇಡ ಅಕ್ಕ. ಕಣ್ಣು ಹೋದವನಿಗೆ ಏನು ಮಾಡಿದ್ರು ನೆನಪಿದೆಯಲ್ಲ?"

ನೆನಪಿದೆ. ಚೂರು ಸಿಡಿದು ಒಂದು ಕಣ್ಣು ಹೋದ ಆಳನ್ನು ಇವರು ಎರಡು ತಿಂಗಳ ಕೂಲಿ ಕೊಟ್ಟು ಮನೆಗೆ ಕಳಿಸಿದರು. "ನನ್ನ ಕೆಲಸಕ್ಕೆ ಪೂರ್ತಿ ಮನುಷ್ಯ ಬೇಕು. ಅರ್ಧ ಮನುಷ್ಯ ತಾನೂ ಸಾಯ್ತಾನೆ, ಪಕ್ಕದವನನ್ನೂ ಸಾಯಿಸ್ತಾನೆ" ಅಂದಿದ್ದರು. ಕಲ್ಲಿನಂಥ ಮಾತು. ಸುಳ್ಳಲ್ಲ.

ಆದರೆ ಇವನು ನಾನು ಎತ್ತಿ ಆಡಿಸಿದ ಹುಡುಗ. ಅಮ್ಮ ಹೋದಾಗ ಇವನಿಗೆ ಹಲ್ಲು ಬಂದಿರಲಿಲ್ಲ. ಒಡೆಯುವುದು ಬಿಟ್ಟು ಬೇರೆ ಏನೂ ಕಲಿತಿಲ್ಲ. ಎಲ್ಲಿಗೆ ಕಳಿಸಲಿ?

ಹೇಳುವುದಿಲ್ಲ ಅಂದೆ. ನನ್ನ ಬಾಯಿ ನೋಡಿ ಖಾತ್ರಿ ಮಾಡಿಕೊಂಡು ನಕ್ಕ. ಈ ಸಲ ತಡವಾಗಲಿಲ್ಲ.

ಫೆಬ್ರವರಿ 13, ಗುರುವಾರ

ಒಂದು ದಾರಿ ಮಾಡಿಕೊಂಡಿದ್ದೇವೆ. ಕಂಬಿ ಅವನಿಗಲ್ಲ, ಇವರಿಗೆ. ಅವನು ನನ್ನ ಮುಖ ನೋಡಿಕೊಂಡೇ ನಿಲ್ಲುತ್ತಾನೆ. ಮೇಲೆ ಇವರ ಕೈ ಕಂಡ ಮೇಲೆ ನಾನು ತಲೆ ಆಡಿಸುತ್ತೇನೆ. ಆಮೇಲೇ ಒಳಗೆ. ಹೊರಗೆ ಕರೆಯಬೇಕಾದರೆ ಕಿಂಡಿಯಿಂದ ಉದ್ದನೆ ಕೋಲು ತೂರಿಸಿ ಬೆನ್ನು ತಟ್ಟುತ್ತೇನೆ. ಎಮ್ಮೆ ಹೊಡೆದಂತೆ ಆಗುತ್ತೆ ಅಂತ ನಗುತ್ತಾನೆ.

ಇವರು ಊಟಕ್ಕೆ ಇಳಿದಾಗ ಯಾರು ಎಲ್ಲಿ ಕೂರುತ್ತಾರೆ ಅಂತ ನೋಡುತ್ತೇನೆ. ಭಾವ-ಮೈದುನ ಎದುರು ಬದುರು ಕೂತರೆ ಪರವಾಗಿಲ್ಲ. ಪಕ್ಕಪಕ್ಕ ಕೂತರೆ ನಾನು ನಡುವೆ ಬಾಯಿ ಹಾಕಿ, ಇವರು ಕೇಳಿದ್ದನ್ನೇ ಅವನ ಕಡೆ ತಿರುಗಿ ಮತ್ತೆ ಕೇಳುತ್ತೇನೆ. "ಗಿಳಿ ಸಾಕಿದ್ದೀನಾ?" ಅಂದರು ಇವರು ಇವತ್ತು. ಬೈದುಕೊಳ್ಳಲಿ.

ಮೂವತ್ತು ವರ್ಷ ಜೊತೆಗೆ ಬದುಕಿದ ಗಂಡನಿಗೆ ಅನ್ನ ಬಡಿಸುತ್ತಾ ಸುಳ್ಳನ್ನೂ ಬಡಿಸುತ್ತಿದ್ದೇನೆ. ಅತ್ತ ದರಿ, ಇತ್ತ ಪುಲಿ.

ಫೆಬ್ರವರಿ 20, ಗುರುವಾರ. ಸಂಜೆ

ಇವತ್ತು ಅಕ್ಷರ ಸೊಟ್ಟ.

ತಮ್ಮ ಗಾಡಿ ತುಂಬಿಕೊಂಡು ಹೊರಗೆ ಬಂದ. ಹಸಿರು ಎತ್ತಿದೆ. ಇವರು ಮೇಲೆ ಕೆಲಸ ಶುರು ಮಾಡಿದರು. ಅಷ್ಟರಲ್ಲಿ ಇವನು ಗುದ್ದಲಿ ಒಳಗೇ ಬಿಟ್ಟಿದ್ದು ನೆನಪಾಗಿ, ತಿರುಗಿ, ಬಗ್ಗಿ, ಒಳಕ್ಕೆ...

ಕೂಗಿದೆ. ಗಂಟಲು ಹರಿಯುವ ಹಾಗೆ ಕೂಗಿದೆ. ಹೆರಿಗೆ ಆಸ್ಪತ್ರೆಯ ಕಿಟಕಿಯಲ್ಲಿ ನರ್ಸು ಇಣುಕಿದಳು. ಕೇಳಬೇಕಾದವನಿಗೆ ಕೇಳಲಿಲ್ಲ. ಕಂಬಿ ಬಡಿದೆ. ಅಷ್ಟರಲ್ಲಿ ಇಟ್ಟಿಗೆ ಒಳಗೆ ಬಿದ್ದ ಸದ್ದು.

ಕಂಬಿ ಕೇಳಿ ಇವರು ಮೇಲೆ ನಿಲ್ಲಿಸಿದರು. ನಾನು ಕಿಂಡಿಗೆ ಓಡಿದೆ. ಇವನು ಗುದ್ದಲಿ ಹಿಡಿದು ನಿಂತಿದ್ದಾನೆ. ಕಾಲಿನಿಂದ ಒಂದು ಗೇಣು ಆಚೆ ಇಟ್ಟಿಗೆ. ಚೂರು ಸಿಡಿದು ಮೊಣಕಾಲ ಕೆಳಗೆ ಸೀಳಿದೆ. ರಕ್ತ ಬೂಟಿಗೆ ಇಳಿಯುತ್ತಿದೆ. "ಏನಾಯ್ತಕ್ಕ?" ಅನ್ನುತ್ತಾನೆ!

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂದಳು ಸುಣ್ಣದಜ್ಜಿ. ಸಾವಿರ ವರ್ಷ ಯಾರಿಗೆ ಬೇಕು. ನಾಳೆ ಒಂದು ದಿನ ಬದುಕಿದರೆ ಸಾಕು.

ಇವರಿಗೆ ಹೇಳಿಬಿಡುತ್ತೇನೆ. ಮಾತು ತಪ್ಪಿದಳು ಅಂತ ಇವನು ಬೈಯಲಿ. ಇವರು ಅವನನ್ನು ಓಡಿಸಿದರೆ ಓಡಿಸಲಿ. ಬದುಕಿರುವ ತಮ್ಮ ಬೈದರೆ ಕೇಳಿಸಿಕೊಳ್ಳಬಹುದು.

ಫೆಬ್ರವರಿ 21, ಶುಕ್ರವಾರ

ಹೇಳಿದೆ. ಇವರು ಬೂಟು ಬಿಚ್ಚುತ್ತಾ ಕೂತಿದ್ದರು. ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ. ಪೂರ್ತಿ ಕೇಳಿದರು. ನಡುವೆ ಬಾಯಿ ಹಾಕಲಿಲ್ಲ. ಇವರು ನಡುವೆ ಬಾಯಿ ಹಾಕದೆ ಕೇಳಿದ್ದು ಮದುವೆ ಆದ ಮೇಲೆ ಇದೇ ಮೊದಲು.

ಆಮೇಲೆ ಎದ್ದು, ಒಂದೇ ಬೂಟಿನಲ್ಲಿ ಕುಂಟಿಕೊಂಡು ಹೊರಗೆ ಹೋಗಿ, ಜಗಲಿ ಮೇಲೆ ಕೂತಿದ್ದ ಅವನ ಎದುರಿಗೆ ಕೂತರು. ನಾನು ಬಾಗಿಲಲ್ಲಿ. ಕಪಾಳಕ್ಕೆ ಹೊಡೆಯುತ್ತಾರೆ ಅಂದುಕೊಂಡೆ.

ಗಾಯದ ಕಾಲು ಎತ್ತಿ ತೊಡೆ ಮೇಲೆ ಇಟ್ಟುಕೊಂಡು ಕಟ್ಟು ಬಿಚ್ಚಿ ನೋಡಿದರು. ಆಮೇಲೆ ಮುಖ ಮೇಲೆತ್ತಿ, ನಿಧಾನವಾಗಿ, ತುಟಿ ಅಗಲಿಸಿ, "ನಿನ್ನನ್ನ ಬ್ರೇಕರ್ ಕೊಟ್ಟು ಆ ರೂಮಿಗೆ ಕಳಿಸಿದ್ದು ನಾನು ತಾನೇ" ಅಂದರು.

ಅವನು ಅತ್ತುಬಿಟ್ಟ. ನಾನೂ.

ಫೆಬ್ರವರಿ 22, ಶನಿವಾರ

ಇವರದ್ದೇ ತೀರ್ಮಾನ. ಜಾಗ ಬದಲು.

"ನೋಡೇ, ಕಿವಿ ಬೇಕಾಗಿರೋದು ಬುಡದಲ್ಲಿ ಇರೋನಿಗೆ. ಕೂಗಿದ್ರೆ ಹೊರಗೆ ಬರಬೇಕು. ಮೇಲಿರೋನಿಗೆ ಕಣ್ಣಿದ್ರೆ ಸಾಕು, ಬಟ್ಟೆ ನೋಡೋಕೆ. ಇವನ ಕಣ್ಣು ಹದ್ದಿನ ಕಣ್ಣು. ನನ್ನ ಮಂಡಿಗೂ ಬಿಡುವು. ಮುದುಕ ಕೆಳಗೆ, ಹುಡುಗ ಮೇಲೆ. ಮೊದಲೇ ಯಾಕೆ ಹೊಳೀಲಿಲ್ಲ?"

ನನಗೂ ಯಾಕೆ ಹೊಳೆಯಲಿಲ್ಲ! ತೂಕ ಹಾಕಿದ ಹಾಗೆ ಸರಿಯಾದ ಮಾತು. ಹದಿಮೂರು ದಿನ ಸುಮ್ಮನೆ ಹೆದರಿ ಸತ್ತೆ. ಈ ಮನುಷ್ಯನ ಮನಸ್ಸು ನನಗೆ ಇನ್ನೂ ಗೊತ್ತಿಲ್ಲ ಅಂತಾಯಿತು.

ತಮ್ಮ ಚಿಮಣಿ ಹತ್ತಿದ. ಬೆಲ್ಟು ಬಿಗಿದದ್ದು ಇವರೇ. ಕೆಲಸ ಮುಗಿದ ಮೇಲೆ ಕಿವಿಗೆ ಮಶೀನು ಹಾಕಿಸೋಣ ಅಂದರು. ಒಳ್ಳೇದು ನೋಡಿ ಹಾಕಿಸಬೇಕು, ಸುಣ್ಣದಜ್ಜಿ ಮಾತು ಕೇಳಿಸದ ಮಶೀನು ಇದ್ದರೆ ಅದೇ ಇರಲಿ, ಅಂತ ತಮಾಷೆ.

ಮಾರ್ಚ್ 1, ಶನಿವಾರ

ಇಷ್ಟು ಚೆನ್ನಾದ ವಾರ ಯಾವಾಗ ಕಂಡಿದ್ದೆ? ಚಿಮಣಿ ಅರ್ಧಕ್ಕೆ ಬಂದಿದೆ. ಈಗ ತಮ್ಮನ ಮುಖ ಕೆಳಗಿನಿಂದ ಕಾಣುತ್ತದೆ.

ಮೇಲೆ ಅವನು ನಾಲ್ಕೈದು ಇಟ್ಟಿಗೆಗೊಮ್ಮೆ ತಾನಾಗಿ ಬಗ್ಗಿ ನನ್ನ ಕಡೆ ನೋಡುತ್ತಾನೆ. ಕೇಳದವನ ಎಚ್ಚರ ಅದು. ಕ್ರಮ ಹೀಗೆ: ಮೊದಲು ಸದ್ದಿಲ್ಲದೆ ಕೆಂಪು ಎತ್ತುವುದು. ಅವನು ನೋಡುವ ತನಕ ಕಾಯುವುದು. ಅವನು ಎರಡೂ ಕೈ ಎತ್ತಿದ ಮೇಲೆ ಕಂಬಿ. ಕಂಬಿ ಈಗ ಇವರಿಗೆ — ನಿಂತಿತು, ಒಳಗೆ ಹೋಗು ಅಂತ. ಇವರಿಗೆ ಮೇಲೆ ನೋಡುವ ಕೆಲಸವೇ ಇಲ್ಲ. ಕಿಂಡಿಯ ಪಕ್ಕ ನೆರಳಲ್ಲಿ ಕೂತು ಬೀಡಿ ಸೇದುತ್ತಾರೆ. ಕಂಬಿ ಕೇಳಿದ ಕೂಡಲೇ ಬಗ್ಗಿ ಒಳಗೆ. "ರಿಟೈರ್ಡ್ ಆಫೀಸರ್ ಥರ ಇದ್ದೀನಿ ಕಣೇ" ಅಂದರು.

ಮೇಲಿನ ತಾಮ್ರದ ಪಟ್ಟಿ ಪೂರ್ತಿ ಬಿಡಿಸಿ ಸುರುಳಿ ಸುತ್ತಿ ಇಳಿಸಿದ ತಮ್ಮ. ಸಿಡಿಲು ನೆಲಕ್ಕಿಳಿಯಲಿ ಅಂತ ಹಾಕಿದ್ದು. ಒಂದು ಕಡೆಯೂ ಕತ್ತರಿಸಿಲ್ಲ. ಇವರು ಕೈಯಲ್ಲಿ ತೂಗಿ ನೋಡಿ, "ನನಗಿಂತ ಚೆನ್ನಾಗಿ ಬಿಡಿಸಿದ್ದೀಯ" ಅಂದರು. ಅವನ ಎದುರಿಗೇ ನಿಂತು ಹೇಳಿದರು, ತುಟಿ ಕಾಣುವ ಹಾಗೆ. ಇವರ ಬಾಯಲ್ಲಿ ಹೊಗಳಿಕೆ! ತಮ್ಮ ಆಮೇಲೆ ನನ್ನ ಹತ್ತಿರ ಬಂದು, "ಭಾವ ಅಂದಿದ್ದು ಅದೇ ತಾನೇ? ನಾನು ತಪ್ಪು ಓದಲಿಲ್ಲ ತಾನೇ?" ಅಂತ ಕೇಳಿದ.

ಮಾರ್ಚ್ 6, ಗುರುವಾರ. ಬೆಳಿಗ್ಗೆ

ಟೀ ಪುಡಿ ಮುಗಿದಿದೆ. ಇವರ ಎಡಗಾಲಿನ ಬೂಟು ಬಾಯಿ ಬಿಟ್ಟಿದೆ, ಹೊಲಿಸಿಕೊಳ್ಳಿ ಅಂದರೆ ಈ ಕೆಲಸ ಮುಗೀಲಿ ಅನ್ನುತ್ತಾರೆ. ಎಲ್ಲದಕ್ಕೂ ಅದೇ ಉತ್ತರ. ಇವತ್ತು ಕಬ್ಬಿಣದ ಪಟ್ಟಿ ಇರುವ ಸುತ್ತು. ಚಿಮಣಿಗೆ ಸೊಂಟಪಟ್ಟಿ ಕಟ್ಟಿದ ಹಾಗಿದೆ. ಬೋಲ್ಟು ತುಕ್ಕು ಹಿಡಿದಿರುತ್ತೆ, ನಿಧಾನ ಆಗಬಹುದು ಅಂತ ತಮ್ಮ ನಿನ್ನೆಯೇ ಹೇಳಿದ್ದ. ಬಿಸಿಲು ಈಗಲೇ ಸುಡುತ್ತಿದೆ. ಟೋಪಿ ಮರೆಯಬೇಡ ಅನ್ನಬೇಕು ಅವನಿಗೆ.

ಮಾರ್ಚ್ 18, ಮಂಗಳವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದೆ ಇದ್ದರೂ ಅದೇ ಕಾಣುತ್ತೆ. ಬರೆದಾದರೂ ನೋಡೋಣ.

ಇವರು ಇಲ್ಲ.

ಆ ದಿನ ತಮ್ಮ ಪಟ್ಟಿಯ ಬೋಲ್ಟು ಬಿಚ್ಚುತ್ತಿದ್ದ. ಪಟ್ಟಿ ಬಿಗಿ ಹಿಡಿದಿತ್ತು. ಬಿಡಿಸುತ್ತಾ ನಡುನಡುವೆ ಸಡಿಲವಾದ ಇಟ್ಟಿಗೆ ಒಳಕ್ಕೆ ತಳ್ಳುತ್ತಿದ್ದ. ಹಾಸಿಗೆ ತುಂಬಿತು. ಕೆಂಪು ಎತ್ತಿದೆ. ಅವನು ನೋಡಲಿಲ್ಲ. ಕಾದೆ. ಬೆನ್ನು ಈ ಕಡೆ, ತಲೆ ಪಟ್ಟಿಯ ಮೇಲೆ. ಕೈ ನೋಯಿತು, ಬಟ್ಟೆ ಇನ್ನೊಂದು ಕೈಗೆ ಬದಲಾಯಿಸಿದೆ. ಇಟ್ಟಿಗೆ ಮೇಲೆ ಇಟ್ಟಿಗೆ ಬಿದ್ದು ಚೂರಾಗುವ ಸದ್ದು. ಇವರಿಗೆ ಆ ಸದ್ದು ಕೇಳಿದರೆ ಪ್ರಾಣಸಂಕಟ. "ಏನೇ, ನಿದ್ದೆನಾ? ಬಾರಿಸೇ! ಎಲ್ಲಾ ಚೂರಾಯ್ತಲ್ಲೇ!" ಅಂತ ನೆರಳಿನಿಂದ ಕೂಗಿದರು.

ಬಾರಿಸಿದೆ.

ತಮ್ಮ ನೋಡಲಿ ಅಂತ ಬಾರಿಸಿದೆ. ಕೇಳದವನು ನೋಡಲಿ ಅಂತ! ಇಷ್ಟು ವರ್ಷ ಮೇಲಿದ್ದವರು ತಿರುಗಿ ನೋಡಲಿ ಅಂತಲೇ ಬಾರಿಸಿದ ಕೈ ಇದು. ಕೈಗೆ ಜಾಗ ಬದಲಾದದ್ದು ಗೊತ್ತಿರಲಿಲ್ಲ. ಇವರು ಕಂಬಿ ಕೇಳಿದರು. ಕಂಬಿ ಅಂದರೆ ನಿಂತಿತು ಅಂತ. ಬೀಡಿ ಎಸೆದು, ಬಗ್ಗಿ, ಒಳಗೆ ಹೋದರು. ಮೇಲೆ ನೋಡಲಿಲ್ಲ. ಯಾಕೆ ನೋಡಬೇಕು?

"ಬೇಡ ಬೇಡ, ಇನ್ನೂ ಕೈ ಎತ್ತಿಲ್ಲ" ಅಂತ ನಾನು ಓಡಿದೆ. ಬಟ್ಟೆ ಎರಡೂ ಕೈಯಲ್ಲಿ ಹಿಡಿದು ಬೀಸುತ್ತಲೇ ಓಡಿದೆ. ಮೇಲೆ ಪಟ್ಟಿ ಕಳಚಿತು. ಅದು ಹಿಡಿದಿದ್ದ ಇಟ್ಟಿಗೆಯೆಲ್ಲ ಸಡಿಲ. ತಮ್ಮ ಹಾರೆ ಹಾಕಿ ಒಂದೇ ಸಲಕ್ಕೆ ಒಂದು ಮಗ್ಗುಲು ತಳ್ಳಿದ.

ಇವರು ಕಿಂಡಿಯ ಕಡೆ ತಿರುಗಿದ್ದರು. ನನ್ನ ಮುಖ ನೋಡಿದರು.

ಧೂಳು ಕಿಂಡಿಯಿಂದ ಹೊರಗೆ ಬಂತು. ಆಮೇಲೆ ತಮ್ಮ ಬಗ್ಗಿ ನೋಡಿದ. ಕೆಂಪು ಕಂಡ. ಎಂದಿನ ಹಾಗೆ ಎರಡೂ ಕೈ ಎತ್ತಿ ತೋರಿಸಿದ, ನಿಲ್ಲಿಸಿದೆ ಅಂತ. ಪಟ್ಟಿ ಬಂತು ಅಂತ ಖುಷಿಯಲ್ಲಿ ನಗುತ್ತಿದ್ದ.

ಮಾರ್ಚ್ 19, ಬುಧವಾರ

ಪೊಲೀಸರಿಗೆ ಹೇಳಿದ್ದು: ಒಳಗೋಡೆ ಹಳೇದು, ತಾನಾಗಿ ಕುಸಿಯಿತು. ಮ್ಯಾನೇಜರಿಗೂ ಅದೇ ಬೇಕಾಗಿತ್ತು. ಬರೆದುಕೊಂಡು ಹೋದರು.

ಸಾವಿನ ಮನೆಗೆ ಬಂದವರೆಲ್ಲ ತಮ್ಮನ ಹಿಂದೆ ನಿಂತು ಮಾತಾಡಿದರು. ಕಿವುಡನನ್ನ ಮೇಲೆ ಹತ್ತಿಸಿದ್ರಂತೆ, ನೋಡದೆ ತಳ್ಳಿದನಂತೆ. ಅವನು ಅವರ ನಡುವೆ ಕೂತು ನೆಲ ನೋಡುತ್ತಿದ್ದ. ಕೇಳದ್ದು ಒಳ್ಳೆಯದಾಯಿತು ಅಂತ ಮೊದಲ ಸಲ ಅನ್ನಿಸಿತು. ಥೂ ನನ್ನ ಬುದ್ಧಿಗೆ.

ಊಟ ಬಿಟ್ಟಿದ್ದಾನೆ. ನೀರು ಕೂಡ ಸುಣ್ಣದಜ್ಜಿ ಗದರಿದರೆ ಒಂದು ಗುಟುಕು. ಇವರ ಬೂಟು ಹಿಡಿದು ಕೂರುತ್ತಾನೆ. ಬಾಯಿ ಬಿಟ್ಟ ಎಡಗಾಲಿನ ಬೂಟನ್ನು ದಾರ ಹಾಕಿ ಹೊಲಿದಿದ್ದಾನೆ. ಯಾರಿಗೆ?

ನನಗೆ ಇವರಿಗಾಗಿ ಅಳಲಿಕ್ಕೆ ಪುರುಸೊತ್ತಿಲ್ಲ. ಇವನ ಮೇಲೆ ಕಣ್ಣಿಟ್ಟು ಕೂತಿದ್ದೇನೆ. ಹಾಗೆ ನೋಡುತ್ತಾ ಕೂತಾಗ ಒಮ್ಮೊಮ್ಮೆ ಸಿಟ್ಟು ಉಕ್ಕಿ ಬರುತ್ತದೆ. ಒಂದು ಸಲ, ಒಂದೇ ಒಂದು ಸಲ ಬಗ್ಗಿ ನೋಡಬಾರದಿತ್ತೇ ಮುಂಡೇದೇ, ಅಂತ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಎದ್ದರೆ ತಮ್ಮ ಮಲಗಿದ್ದ ಚಾಪೆ ಖಾಲಿ. ಗೊತ್ತಾಯಿತು ಎಲ್ಲಿಗೆ ಅಂತ. ಚಪ್ಪಲಿ ಹಾಕದೆ ಓಡಿದೆ.

ಉಳಿದ ಚಿಮಣಿಯ ತುದಿಯಲ್ಲಿ ಕೂತಿದ್ದ. ಬೆಲ್ಟು ಇಲ್ಲ. ಕಾಲು ಒಳಗಡೆ ಇಳಿಬಿಟ್ಟಿದ್ದ, ಬಾವಿಕಟ್ಟೆ ಮೇಲೆ ಕೂತ ಹಾಗೆ. ಕೂಗಿ ಪ್ರಯೋಜನವಿಲ್ಲ. ಜೀವಮಾನದಲ್ಲಿ ಹತ್ತದವಳು ಹತ್ತಿದೆ. ಕಬ್ಬಿಣದ ಮೆಟ್ಟಿಲು, ಒಂದೊಂದೇ. ಕೆಳಗೆ ನೋಡಬೇಡ ಅಂತ ಇವರು ಆಳುಗಳಿಗೆ ಹೇಳುತ್ತಿದ್ದರು. ನೋಡಲಿಲ್ಲ.

ಮೆಲ್ಲಗೆ ಅವನ ಮುಂಗೈ ಮುಟ್ಟಿದೆ. ತಿರುಗಿದ. ಗಾಬರಿಯಾಗಲಿಲ್ಲ.

"ಗೋಡೆ ತಾನಾಗಿ ಬೀಳಲಿಲ್ಲ ಅಕ್ಕ. ನಾನು ತಳ್ಳಿದ್ದು. ಅದು ನನಗೆ ಗೊತ್ತು. ಒಂದೇ ಹೇಳು. ನಾನು ನೋಡ್ತಾನೇ ಇದ್ದೆ. ಆ ಬೋಲ್ಟು ಹಿಡ್ಕೊಂಡಾಗ ಮಾತ್ರ ಸ್ವಲ್ಪ ಹೊತ್ತು... ತಳ್ಳೋಕೆ ಮುಂಚೆ ನೀನು ಕೆಂಪು ತೋರಿಸಿದ್ಯಾ?"

ನನ್ನ ತುಟಿ ನೋಡುತ್ತಿದ್ದ. ರೆಪ್ಪೆ ಬಡಿಯಲಿಲ್ಲ.

ಹೌದು ಅಂದರೆ ಒಳಕ್ಕೆ ವಾಲುತ್ತಾನೆ. ಅದು ಅವನ ಕೈ ನೋಡಿದರೇ ಗೊತ್ತಾಗುತ್ತಿತ್ತು. ಯಾವುದನ್ನೂ ಹಿಡಿದಿರಲಿಲ್ಲ ಕೈ.

"ಇಲ್ಲ" ಅಂದೆ. "ತೋರಿಸಲಿಲ್ಲ. ಮರೆತೆ. ಕಂಬಿ ಮಾತ್ರ ಬಾರಿಸಿದೆ."

ಇನ್ನೊಂದು ಸಲ ಹೇಳು ಅಂದ. ಇನ್ನೊಂದು ಸಲ ಹೇಳಿದೆ, ತುಟಿ ಬಿಡಿಸಿ, ಒಂದೊಂದೇ ಅಕ್ಷರ. ಇಂಥ ಸುಳ್ಳನ್ನು ಪಿಸುಗುಟ್ಟಲಿಕ್ಕೂ ಆಗುವುದಿಲ್ಲ ಇವನಿಗೆ.

ಅವನ ಕೈ ಅಂಚು ಹಿಡಿಯಿತು. ಗಟ್ಟಿಯಾಗಿ. ಮುಖ ತಿರುಗಿಸಿ, ನನ್ನನ್ನು ದಾಟಿಕೊಂಡು ಇಳಿದುಹೋದ. ನಾನು ಹೇಗೆ ಇಳಿದೆನೋ ನೆನಪಿಲ್ಲ.

ಮಾರ್ಚ್ 27, ಗುರುವಾರ

ಉಣ್ಣುತ್ತಿದ್ದಾನೆ. ಸುಣ್ಣದಜ್ಜಿ ಬಡಿಸಿದರೆ ಉಣ್ಣುತ್ತಾನೆ. ನಿದ್ದೆ ಮಾಡುತ್ತಾನೆ. ಬದುಕಿದ.

ನನ್ನ ಮುಖ ನೋಡುವುದಿಲ್ಲ. ನಾನು ಒಳಗೆ ಬಂದರೆ ಗೋಡೆ ಕಡೆ ತಿರುಗುತ್ತಾನೆ. ಬೇರೆಯವರ ಮನೆಯಲ್ಲಿ ಮುನಿಸಿಕೊಂಡವರಿಗೆ ಬೆನ್ನ ಹಿಂದಿನಿಂದಲಾದರೂ ಒಂದು ಮಾತು ಹಾಕಬಹುದು. ಇವನು ಮುಖ ತಿರುಗಿಸಿದರೆ ಮುಗಿಯಿತು. ನನ್ನ ಒಂದು ಅಕ್ಷರವೂ ದಾಟುವುದಿಲ್ಲ.

ಸುಣ್ಣದಜ್ಜಿಯ ಹತ್ತಿರ ಹೇಳಿದನಂತೆ, "ಅಕ್ಕ ಭಾವನ್ನ ಕೊಂದಳು." ಅಜ್ಜಿ ಅದನ್ನು ನನಗೆ ಹೇಳಿ, ಹೇಳಬಾರದಿತ್ತು ಅಂತ ಅತ್ತಳು. ಹೇಳಲಿ ಬಿಡು ಅಂದೆ. ಪೂರ್ತಿ ಸುಳ್ಳೂ ಅಲ್ಲವಲ್ಲ, ಕಂಬಿ ಬಾರಿಸಿದ್ದು ನಾನೇ. ಆದರೂ ಎದೆ ಸುಟ್ಟಿತು. ಹಲ್ಲು ಬಾರದ ಬಾಯಿಗೆ ಅನ್ನ ಹಿಸುಕಿ ಇಟ್ಟವಳು ನಾನು.

ಚಿಮಣಿ ಹಾಗೇ ಅರ್ಧಕ್ಕೆ ನಿಂತಿದೆ. ಫ್ಯಾಕ್ಟರಿಯವರು ಕೆಲಸಕ್ಕೆ ಬೇರೆಯವರನ್ನು ನೋಡುತ್ತಿದ್ದಾರಂತೆ.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ

ಬಟ್ಟೆ ಗಂಟು ಕಟ್ಟಿದ. ಎಲ್ಲೋ ಇಟ್ಟಿಗೆ ಭಟ್ಟಿಯಲ್ಲಿ ಕೆಲಸವಂತೆ, ಸುಣ್ಣದಜ್ಜಿಯ ಕಡೆಯವರದು. ಒಡೆಯುವ ಕೆಲಸ ಅಲ್ಲ, ಮಾಡುವ ಕೆಲಸ. ಒಳ್ಳೆಯದೇ.

ಬಾಗಿಲಿಗೆ ಅಡ್ಡ ನಿಂತೆ. ದಾಟಲು ನೋಡಿದ. ಬಿಡಲಿಲ್ಲ. ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ. ಕಣ್ಣು ಮುಚ್ಚಿಕೊಂಡ. ಸಣ್ಣವನಿದ್ದಾಗ ಔಷಧಿ ಕುಡಿಸಲು ಹೋದರೆ ಬಾಯಿ ಮುಚ್ಚುತ್ತಿದ್ದನಲ್ಲ, ಹಾಗೆ ಬಿಗಿಯಾಗಿ.

ಆಗ ನನ್ನ ಬಾಯಿಂದ ಬಂದುಬಿಟ್ಟಿತು. "ತೋರಿಸಿದ್ದೆ ಕಣೋ. ಕೆಂಪು ತೋರಿಸಿದ್ದೆ. ಎರಡೂ ಕೈಯಲ್ಲಿ ಹಿಡಿದು ಬೀಸಿದೆ. ನೀನು ನೋಡಲಿಲ್ಲ. ನೋಡಲಿಲ್ಲ ಕಣೋ ನೀನು!" ಜೋರಾಗಿಯೇ ಹೇಳಿದೆ. ಬೀದಿಗೆ ಕೇಳುವ ಹಾಗೆ. ಅಂಗಳದಲ್ಲಿ ಸುಣ್ಣದಜ್ಜಿ ಕೈಯಲ್ಲಿದ್ದ ಕೊಡ ಕೆಳಗಿಟ್ಟು ನನ್ನನ್ನೇ ನೋಡುತ್ತಾ ನಿಂತಳು. ಅವನ ರೆಪ್ಪೆ ಅಲುಗಲಿಲ್ಲ.

ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟ. ಮೊದಲು ಅಜ್ಜಿಯ ಮುಖ ನೋಡಿದ. ಆಮೇಲೆ ನನ್ನದು.

"ಏನಂದೆ?" ಅಂದ. ಆ ದಿನ ಚಿಮಣಿಯಿಂದ ಇಳಿದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. "ಏನಂದೆ ಅಕ್ಕ?"

ಅಕ್ಕ ಅಂದ.

"ಊಟ ಮಾಡ್ಕೊಂಡು ಹೋಗು ಅಂದೆ."

ನಿಂತ. ಗಂಟು ಕೆಳಗಿಟ್ಟ. ಒಳಗೆ ಬಂದು ಕೂತ, ಗೋಡೆ ಕಡೆ ಮುಖ ಮಾಡಿಯೇ. ತಟ್ಟೆ ಇಟ್ಟು ಬಡಿಸಿದೆ. ಅವನು ಕಲಸಲು ಶುರು ಮಾಡಿದ. ನಾನು ಬೆನ್ನ ಹಿಂದೆ ನಿಂತು ಇನ್ನೊಂದು ಸಲ ಹೇಳಿದೆ, ತೋರಿಸಿದ್ದೆ ಕಣೋ ಅಂತ. ಅವನು ಉಣ್ಣುತ್ತಲೇ ಇದ್ದ.